ಆಣೆ, ಋಣ ಮತ್ತು ಸಾಕ್ಷ್ಯ

"ದುಡ್ಡು ಈಸ್ಕೊಂಡ್‌ಬುಟ್ಟೆ, ಆಣೆನೂ ಮಾಡ್‌ಬುಟ್ಟೆ. ಈಗ ಅವ್ರಿಗೇ ಹಾಕ್ಬೇಕಾ, ಹೆಂಗೆ?"

ಚುನಾವಣೆಯ ಹಿಂದಿನ ರಾತ್ರಿ ಮಂಡ್ಯ ಸೀಮೆಯ ಯಾವ ಹಳ್ಳಿಯಲ್ಲಾದರೂ ಕೇಳಿಬರಬಹುದಾದ ಪ್ರಶ್ನೆ ಇದು. ಕೇಳುವವಳು ಓದು ಬರಹ ಬಾರದ ಒಬ್ಬ ಮುದುಕಿ ಎಂದಿಟ್ಟುಕೊಳ್ಳಿ. ಅವಳು ಹಿಂದೂ ಆಗಿದ್ದರೆ ಮನೆದೇವರ ಅಥವಾ ಮಂಜುನಾಥನ ಹೆಸರಿನಲ್ಲಿ, ಮುಸ್ಲಿಮಳಾಗಿದ್ದರೆ ಅಲ್ಲಾಹನ ಹೆಸರಿನಲ್ಲಿ ಆಣೆ ಹಾಕಿಸಿಕೊಂಡಿರುತ್ತಾರೆ. ದುಡ್ಡು ಕೊಟ್ಟವನು ದೇವರನ್ನು ನಂಬುತ್ತಾನೋ ಇಲ್ಲವೋ, ಮುದುಕಿ ನಂಬುತ್ತಾಳೆ ಎಂಬುದು ಅವನಿಗೆ ಗೊತ್ತು. ಅವನ ವ್ಯಾಪಾರ ನಿಂತಿರುವುದೇ ಅವಳ ಆ ನಂಬಿಕೆಯ ಮೇಲೆ.

ಓದಿದವರು ಈ ಪ್ರಶ್ನೆಯನ್ನು ಕೇಳಿ ನಗಬಹುದು. "ದುಡ್ಡು ಅವರದು ತಗೋ, ಓಟು ನಿನ್ನ ಇಷ್ಟದಂತೆ ಹಾಕು" ಎಂದು ಸಲಹೆ ಕೊಟ್ಟು ಮುಂದೆ ಹೋಗಬಹುದು. ಆದರೆ ಆ ಮುದುಕಿ ಕೇಳುತ್ತಿರುವುದು ಹಗುರವಾದ ಪ್ರಶ್ನೆಯಲ್ಲ. ಕೊಟ್ಟ ಮಾತಿಗೂ ಮಾಡಬೇಕಾದ ನ್ಯಾಯಕ್ಕೂ ನಡುವೆ ಜಗಳ ಬಂದಾಗ ಮನುಷ್ಯ ಯಾವುದನ್ನು ಉಳಿಸಿಕೊಳ್ಳಬೇಕು ಎಂದು ಅವಳು ಕೇಳುತ್ತಿದ್ದಾಳೆ. ಇದಕ್ಕೆ ಉತ್ತರ ಹೇಳಬೇಕಾದರೆ ಮೊದಲು ಮತ ಎಂದರೆ ಏನು ಎಂಬುದನ್ನು ತಿಳಿಯಬೇಕು.

ಮೂರು ಉತ್ತರಗಳು

ಮತ ಎಂದರೇನು ಎಂಬುದಕ್ಕೆ ನಮ್ಮ ಹಳ್ಳಿಗಳಲ್ಲಿ ಮೂರು ಬಗೆಯ ಉತ್ತರಗಳು ಚಾಲ್ತಿಯಲ್ಲಿವೆ.

ಮೊದಲನೆಯದು, ಮತ ನನ್ನ ಸ್ವತ್ತು. ನನ್ನ ಮನೆಯ ಎಮ್ಮೆಯನ್ನು ಸಂತೆಯಲ್ಲಿ ಮಾರುವ ಹಕ್ಕು ನನಗಿರುವಂತೆ ಮತವನ್ನೂ ಮಾರಬಹುದು, ಸುಮ್ಮನೆ ಬಿಡಲೂಬಹುದು. ಎರಡನೆಯದು, ಮತ ಒಂದು ಋಣ. ನಮ್ಮ ಜಾತಿಯವನು, ನಮ್ಮ ಊರಿನವನು, ಆಸ್ಪತ್ರೆಗೆ ಕಾಗದ ಬರೆದುಕೊಟ್ಟವನು, ಮದುವೆಗೆ ಬಂದು ಅಕ್ಷತೆ ಹಾಕಿದವನು. ಇವರ ಋಣವನ್ನು ಐದು ವರ್ಷಕ್ಕೊಮ್ಮೆ ತೀರಿಸಬೇಕು. ಮೂರನೆಯದು, ಮತ ಒಂದು ಸಾಕ್ಷ್ಯ. ಈ ಮನುಷ್ಯನ ಕೈಯಲ್ಲಿ ಅಧಿಕಾರ ಕೊಡಬಹುದು ಎಂದು ನಾನು ನುಡಿಯುವ ಮಾತು.

ಕಳೆದ ಶತಮಾನದ ಪ್ರಸಿದ್ಧ ವಿದ್ವಾಂಸ ಮುಫ್ತಿ ಮುಹಮ್ಮದ್ ಶಫೀ (1897-1976) ಅವರು ಮತವನ್ನು ಇಸ್ಲಾಮೀ ಧರ್ಮಶಾಸ್ತ್ರದ ನೆಲೆಯಲ್ಲಿ ವಿವರಿಸುತ್ತಾ ಅದಕ್ಕೆ ಮೂರು ಮುಖಗಳಿವೆ ಎಂದರು. ಅದು ಶಹಾದತ್, ಅಂದರೆ ಸಾಕ್ಷ್ಯ. ಅದು ಶಫಾಅತ್, ಅಂದರೆ ಶಿಫಾರಸು. ಅದು ವಕಾಲತ್, ಅಂದರೆ ನನ್ನ ಪರವಾಗಿ ನಡೆದುಕೊಳ್ಳಲು ಒಬ್ಬನನ್ನು ನೇಮಿಸುವುದು. ಈ ಮೂರರಲ್ಲಿ ಯಾವುದನ್ನು ತೆಗೆದುಕೊಂಡರೂ ಮಾರಾಟಕ್ಕೆ ಅಲ್ಲಿ ಜಾಗವಿಲ್ಲ. ಸಾಕ್ಷಿ ಹೇಳಲು ದುಡ್ಡು ತೆಗೆದುಕೊಂಡವನನ್ನು ಯಾವ ಪಂಚಾಯಿತಿ ಕಟ್ಟೆಯೂ ನಂಬುವುದಿಲ್ಲ.

ಮತ ನನ್ನ ಸ್ವತ್ತು ಎಂಬ ವಾದದ ಸೋಲು ಇಲ್ಲೇ ಇದೆ. ಎಮ್ಮೆ ಮಾರಿದರೆ ನಷ್ಟವೂ ಲಾಭವೂ ನನ್ನದೇ. ಮತ ಮಾರಿದರೆ ನಷ್ಟ ನನ್ನೊಬ್ಬನದಲ್ಲ. ಗೆದ್ದವನು ನನ್ನನ್ನು ಮಾತ್ರ ಆಳುವುದಿಲ್ಲ. ದುಡ್ಡು ಮುಟ್ಟದ ಪಕ್ಕದ ಮನೆಯವನನ್ನೂ, ಇನ್ನೂ ಹುಟ್ಟದ ಮಗುವನ್ನೂ ಆಳುತ್ತಾನೆ. ಬೇರೆಯವರ ಬದುಕಿನ ಮೇಲಿನ ಅಧಿಕಾರವನ್ನು ಮಾರಲು ನನಗೆ ಹಕ್ಕು ಎಲ್ಲಿಂದ ಬಂತು? ಅದು ನನ್ನ ಬಳಿ ಇಟ್ಟಿರುವ ಅಮಾನತ್ತೇ ಹೊರತು ನನ್ನ ಗಳಿಕೆಯಲ್ಲ. ಅಮಾನತ್ತನ್ನು ಅದಕ್ಕೆ ಅರ್ಹರಾದವರಿಗೆ ತಲುಪಿಸಬೇಕೆಂದು ಪವಿತ್ರ ಕುರ್‌ಆನಿನ ಅನ್ನಿಸಾ ಅಧ್ಯಾಯದ 58ನೇ ಸೂಕ್ತ ಆಜ್ಞಾಪಿಸುತ್ತದೆ. ಅದೇ ಸೂಕ್ತ ಜನರ ನಡುವೆ ನ್ಯಾಯದಿಂದ ತೀರ್ಪು ಮಾಡಬೇಕೆಂದೂ ಹೇಳುತ್ತದೆ. ಈ ಎರಡು ಆಜ್ಞೆಗಳು ಒಟ್ಟಿಗೆ ಬಂದಿರುವುದು ಯೋಚಿಸಬೇಕಾದ ಸಂಗತಿ.

ಋಣದ ವಾದ ಇಷ್ಟು ಸುಲಭವಾಗಿ ಸೋಲುವುದಿಲ್ಲ. ಏಕೆಂದರೆ ಕೃತಜ್ಞತೆ ಒಂದು ಒಳ್ಳೆಯ ಗುಣ. ಅದರ ಕಷ್ಟ ಏನೆಂದು ತಿಳಿಯಲು ಒಂದು ಕ್ಷೇತ್ರದ ಕಥೆಯನ್ನು ನೋಡೋಣ.

ಮದ್ದೂರು ಕಂಡ ಚುನಾವಣೆಗಳು

ಬೆಂಗಳೂರಿನಿಂದ ಮೈಸೂರಿಗೆ ಹೋಗುವವರು ಚನ್ನಪಟ್ಟಣ ದಾಟಿ ಮಂಡ್ಯ ಜಿಲ್ಲೆಗೆ ಕಾಲಿಡುವ ಜಾಗದಲ್ಲಿ ನಿಡಘಟ್ಟ ಇದೆ. ಮದ್ದೂರು ತಾಲೂಕಿನ ಈ ಹಳ್ಳಿಯ ಹೆಸರು ಈಚೆಗೆ ಊರ ಹೊರಗಿನವರಿಗೂ ಪರಿಚಯವಾದದ್ದು ದಶಪಥ ಹೆದ್ದಾರಿಯಿಂದ. ಆ ರಸ್ತೆಯನ್ನು ಬೆಂಗಳೂರು-ನಿಡಘಟ್ಟ 56 ಕಿಲೋಮೀಟರ್, ನಿಡಘಟ್ಟ-ಮೈಸೂರು 61 ಕಿಲೋಮೀಟರ್ ಎಂದು ಎರಡು ಭಾಗ ಮಾಡಿ ಕಟ್ಟಿದರು. ಅಲ್ಲಿಂದ ಮದ್ದೂರಿನ ಕಡೆಗೆ ಹೋಗುವ ದಾರಿಯಲ್ಲೇ ಎಸ್.ಎಂ. ಕೃಷ್ಣ ಅವರ ಹುಟ್ಟೂರಾದ ಸೋಮನಹಳ್ಳಿ ಸಿಗುತ್ತದೆ. ಮದ್ದೂರು ಪಟ್ಟಣದ ಬಳಿ ಶಿವಪುರ ಇದೆ.

ಶಿವಪುರದಿಂದಲೇ ಆರಂಭಿಸಬೇಕು. 1938ರ ಏಪ್ರಿಲ್‌ನಲ್ಲಿ ಅಲ್ಲಿ ಮೈಸೂರು ಕಾಂಗ್ರೆಸ್ಸಿನ ಅಧಿವೇಶನ ನಡೆಯಿತು. ಟಿ. ಸಿದ್ಧಲಿಂಗಯ್ಯನವರ ಅಧ್ಯಕ್ಷತೆಯಲ್ಲಿ ಸೇರಿದ್ದ ಜನ ನಿಷೇಧಾಜ್ಞೆಯನ್ನು ಮೀರಿ ತ್ರಿವರ್ಣ ಧ್ವಜ ಹಾರಿಸಿದರು, ಬಂಧನಕ್ಕೊಳಗಾದರು. ಅವರ ಹಿಂದಿದ್ದ ಬೇಡಿಕೆ ಜವಾಬ್ದಾರಿ ಸರ್ಕಾರ. ಮೈಸೂರು ಸಂಸ್ಥಾನದಲ್ಲಿ 1881ರಿಂದಲೇ ಪ್ರಜಾಪ್ರತಿನಿಧಿ ಸಭೆ ಇತ್ತು, ನಿಜ. ಆದರೆ ಅದರ ಬಾಗಿಲು ಆಸ್ತಿ, ತೆರಿಗೆ, ವಿದ್ಯೆ ಇದ್ದವರಿಗೆ ಮಾತ್ರ ತೆರೆದಿತ್ತು. ನಾವು ಆರಂಭದಲ್ಲಿ ಕಂಡ ಮುದುಕಿಯ ಅಜ್ಜಿಗೆ ಓಟು ಇರಲಿಲ್ಲ. 1951-52ರ ಮೊದಲ ಮಹಾಚುನಾವಣೆಯಲ್ಲಿ ಗೌಡನಿಗೂ ಕೂಲಿಯಾಳಿಗೂ, ಗಂಡಿಗೂ ಹೆಣ್ಣಿಗೂ ಒಂದೇ ಬೆಲೆಯ ಓಟು ಬಂದಾಗ, ಅದನ್ನು ಪಡೆದವರು ಅದಕ್ಕಾಗಿ ಯಾರಿಗೂ ದುಡ್ಡು ಕೊಟ್ಟಿರಲಿಲ್ಲ. ಆದರೆ ಯಾರೋ ಜೈಲಿಗೆ ಹೋಗಿದ್ದರು. ಅಮಾನತ್ ಎಂಬ ಮಾತಿಗೆ ಇದಕ್ಕಿಂತ ಸರಳವಾದ ಉದಾಹರಣೆ ಬೇಕಿಲ್ಲ.

1962ರ ಚುನಾವಣೆ ಮದ್ದೂರಿನ ಜನ ಇಂದಿಗೂ ನೆನೆಯುವಂಥದ್ದು. ಕಾಂಗ್ರೆಸ್ಸಿನಿಂದ ಕೆ.ವಿ. ಶಂಕರಗೌಡರು ನಿಂತಿದ್ದರು. ಅವರ ಪರವಾಗಿ ಪ್ರಧಾನಿ ನೆಹರೂ ಅವರೇ ಪ್ರಚಾರ ಮಾಡಿದ್ದರು. ಎದುರಿಗೆ ಅಮೆರಿಕದಲ್ಲಿ ಓದಿ ಬಂದಿದ್ದ, ಮೂವತ್ತು ವರ್ಷವೂ ತುಂಬದ ಕೃಷ್ಣ ಪಕ್ಷೇತರರಾಗಿ ನಿಂತರು, ಗೆದ್ದರು. ದೇಶವೇ ಗೌರವಿಸುತ್ತಿದ್ದ ಒಬ್ಬ ನಾಯಕನ ಶಿಫಾರಸನ್ನು ಹಳ್ಳಿಯ ಜನ ಕೇಳಿದರು, ಆಮೇಲೆ ತಮಗೆ ಸರಿಕಂಡದ್ದನ್ನು ಮಾಡಿದರು. ಅವರ ಮನಸ್ಸಿನ ಒಳಗೆ ಏನಿತ್ತೆಂದು ನಾವು ಹೇಳಲಾರೆವು; ಅಲ್ಲೂ ಊರು, ಬಂಧುತ್ವ, ಮುಲಾಜು ಎಲ್ಲ ಕೆಲಸ ಮಾಡಿರಬಹುದು. ಆದರೆ ಶಿಫಾರಸು ಎಷ್ಟೇ ದೊಡ್ಡದಾಗಿದ್ದರೂ ಸಾಕ್ಷ್ಯ ನುಡಿಯಬೇಕಾದವನು ಮತದಾರನೇ ಎಂಬುದನ್ನು ಆ ಫಲಿತಾಂಶ ತೋರಿಸಿತು.

ಇದಕ್ಕೆ ಇನ್ನೊಂದು ಮಗ್ಗುಲೂ ಇದೆ. ಸೋತ ಶಂಕರಗೌಡರು ಅಲ್ಪ ಮನುಷ್ಯರಲ್ಲ. ಅದೇ 1962ರಲ್ಲಿ ಮಂಡ್ಯದಲ್ಲಿ ಜನತಾ ಶಿಕ್ಷಣ ಸಂಸ್ಥೆ ಕಟ್ಟಿ, ರೈತರ ಮಕ್ಕಳಿಗೆ ಇಂಜಿನಿಯರಿಂಗ್ ಕಾಲೇಜಿನ ಬಾಗಿಲು ತೆರೆದವರು ಅವರು. ಒಬ್ಬನ ಪರವಾಗಿ ಸಾಕ್ಷ್ಯ ನುಡಿಯುವುದೆಂದರೆ ಇನ್ನೊಬ್ಬನನ್ನು ಕೆಟ್ಟವನೆಂದು ಸಾರುವುದಲ್ಲ. ಎದುರಾಳಿಯನ್ನು ಶತ್ರುವೆಂದು ತಿಳಿಯುವ ಈಗಿನ ರಾಜಕಾರಣ ಮರೆತಿರುವ ಪಾಠ ಇದು.

ಮುಂದಿನ ದಶಕಗಳಲ್ಲಿ ಮದ್ದೂರು ತನ್ನ ಮಗನನ್ನು ಎತ್ತಿತು, ಇಳಿಸಿತು. 1989ರಲ್ಲಿ ಗೆದ್ದ ಕೃಷ್ಣ ವಿಧಾನಸಭೆಯ ಸ್ಪೀಕರ್ ಆದರು, 1993ರಲ್ಲಿ ಉಪಮುಖ್ಯಮಂತ್ರಿಯಾದರು. 1994ರಲ್ಲಿ ಕ್ಷೇತ್ರ ಜನತಾದಳದ ಪಾಲಾಯಿತು. 1999ರಲ್ಲಿ ಅದೇ ಮದ್ದೂರು ಅವರನ್ನು ಗೆಲ್ಲಿಸಿ ಮುಖ್ಯಮಂತ್ರಿಯ ಕುರ್ಚಿಗೆ ಕಳುಹಿಸಿತು. 2002ರ ಅಕ್ಟೋಬರ್‌ನಲ್ಲಿ, ಕಾವೇರಿ ನೀರು ಬಿಡಬೇಕೆಂಬ ಆದೇಶಕ್ಕೂ ರೈತರ ಸಿಟ್ಟಿಗೂ ನಡುವೆ ಸಿಕ್ಕಿದ ಮುಖ್ಯಮಂತ್ರಿ ಬೆಂಗಳೂರಿನಿಂದ ಮಂಡ್ಯಕ್ಕೆ ಪಾದಯಾತ್ರೆ ಮಾಡಿದರು. ಆದರೆ 2004ರಲ್ಲಿ ಅವರು ಮದ್ದೂರಿನಲ್ಲಿ ನಿಲ್ಲಲಿಲ್ಲ. ಬೆಂಗಳೂರಿನ ಚಾಮರಾಜಪೇಟೆಗೆ ಹೋಗಿ ಗೆದ್ದರು. ಊರಿನ ಮಗನಿಗೆ ಜನ ತೋರಿಸುವ ಋಣ ಶಾಶ್ವತವಲ್ಲ ಎಂಬುದು ರಾಜಕಾರಣಿಗಳಿಗೆ ನಮಗಿಂತ ಚೆನ್ನಾಗಿ ಗೊತ್ತು. ಪಕ್ಷೇತರರಾಗಿ ಆರಂಭಿಸಿ, ಪ್ರಜಾ ಸಮಾಜವಾದಿ ಪಕ್ಷ, ಕಾಂಗ್ರೆಸ್ ದಾಟಿ 2017ರಲ್ಲಿ ಬಿಜೆಪಿ ಸೇರಿದ ಕೃಷ್ಣ 2024ರ ಡಿಸೆಂಬರ್‌ನಲ್ಲಿ ತೀರಿಕೊಂಡಾಗ ಅವರನ್ನು ಮತ್ತೆ ಸೋಮನಹಳ್ಳಿಗೇ ತಂದರು. ಊರು ಪಕ್ಷ ಕೇಳಲಿಲ್ಲ, ತನ್ನ ಮಗನನ್ನು ಬೀಳ್ಕೊಟ್ಟಿತು. ಕೃತಜ್ಞತೆ ತೋರಿಸುವುದಕ್ಕೆ ಸರಿಯಾದ ಜಾಗ ಅದು.

2008ರಲ್ಲಿ ಜೆಡಿಎಸ್‌ನಿಂದ ಗೆದ್ದ ಎಂ.ಎಸ್. ಸಿದ್ದರಾಜು ಕೆಲವೇ ತಿಂಗಳಲ್ಲಿ ತೀರಿಕೊಂಡರು. ಆ ಡಿಸೆಂಬರ್‌ನ ಉಪಚುನಾವಣೆಯಲ್ಲಿ ಅವರ ಪತ್ನಿ ಕಲ್ಪನಾ ಸಿದ್ದರಾಜು ಗೆದ್ದರು. 2019ರ ಲೋಕಸಭಾ ಚುನಾವಣೆಯಲ್ಲಿ, ಮದ್ದೂರು ತಾಲೂಕಿನ ದೊಡ್ಡರಸಿನಕೆರೆಯ ಅಂಬರೀಷ್ ತೀರಿಕೊಂಡ ಆರು ತಿಂಗಳೊಳಗೆ, ಅವರ ಪತ್ನಿ ಸುಮಲತಾ ಪಕ್ಷೇತರರಾಗಿ ನಿಂತು ಮುಖ್ಯಮಂತ್ರಿಯ ಮಗನನ್ನು 1,25,876 ಮತಗಳಿಂದ ಸೋಲಿಸಿದರು. ಆಗ ಕಣದಲ್ಲಿ ಸುಮಲತಾ ಎಂಬ ಹೆಸರಿನ ಇನ್ನೂ ಮೂವರಿದ್ದರು ಎಂಬುದೂ ನೆನಪಿರಲಿ. ಹೆಸರು ಒಂದೇ ಇದ್ದಾಗಲೂ ಓದುಬಾರದ ಹೆಂಗಸರು ಚಿಹ್ನೆ ಹುಡುಕಿ ತಮ್ಮ ಮಾತನ್ನು ತಮಗೆ ಬೇಕಾದವರಿಗೇ ತಲುಪಿಸಿದರು.

ಅನುಕಂಪಕ್ಕೆ ಹಾಕುವ ಮತ ತಪ್ಪೇ? ಅನುಕಂಪವಿಲ್ಲದ ಸಮಾಜ ಬದುಕಲು ಯೋಗ್ಯವಲ್ಲ. ವಿಧವೆಯ ಕಣ್ಣೀರಿಗೆ ಕರಗುವ ಊರು ಒಳ್ಳೆಯ ಊರು. ಆದರೆ ಆ ಕರುಣೆಯನ್ನು ನನ್ನ ಜೇಬಿನಿಂದ ತೋರಿಸಬೇಕು, ನನ್ನ ನೆರೆಯವನ ಜೇಬಿನಿಂದಲ್ಲ. ಅಧಿಕಾರ ಎಲ್ಲರದ್ದು. ಅನುಕಂಪದ ಜೊತೆಗೆ ಅರ್ಹತೆಯನ್ನೂ ಕಂಡು ಮತ ಹಾಕಿದ್ದರೆ ಅದು ಸಾಕ್ಷ್ಯ; ಬರೀ ಅನುಕಂಪವಾಗಿದ್ದರೆ ಅದು ಬೇರೆಯವರ ಗಂಟಿನಿಂದ ಮಾಡಿದ ದಾನ. ಋಣದ ವಾದದ ಕಷ್ಟವೂ ಇದೇ. ನನಗೆ ಉಪಕಾರ ಮಾಡಿದವನಿಗೆ ನನ್ನ ಹೊಲದ ಬೆಲ್ಲ ಕೊಡಬಹುದು, ಊರ ಕೆರೆಯ ತೂಬಿನ ಕೀಲಿ ಕೊಡಲಾಗದು.

ನಮ್ಮವರ ವಿರುದ್ಧವೂ

ಅನ್ನಿಸಾ ಅಧ್ಯಾಯದ 135ನೇ ಸೂಕ್ತ ವಿಶ್ವಾಸಿಗಳಿಗೆ ಒಂದು ಕಠಿಣ ಆದೇಶ ಕೊಡುತ್ತದೆ. ನ್ಯಾಯದ ಮೇಲೆ ಗಟ್ಟಿಯಾಗಿ ನಿಂತು ಅಲ್ಲಾಹನಿಗಾಗಿ ಸಾಕ್ಷ್ಯ ನುಡಿಯಬೇಕು. ಅದು ಸ್ವತಃ ನಮಗೆ, ನಮ್ಮ ತಂದೆತಾಯಿಗೆ, ಬಂಧುಗಳಿಗೆ ಪ್ರತಿಕೂಲವಾದರೂ ಸರಿ. ಎದುರಿರುವವನು ಧನಿಕನೋ ಬಡವನೋ ಎಂದು ನೋಡಕೂಡದು. ಅಲ್‌ಮಾಇದಾ ಅಧ್ಯಾಯದ 8ನೇ ಸೂಕ್ತ ಇದರ ಇನ್ನೊಂದು ಭಾಗವನ್ನು ಹೇಳುತ್ತದೆ: ಒಂದು ಜನಾಂಗದ ಮೇಲಿನ ಹಗೆತನ ಕೂಡ ನಮ್ಮನ್ನು ಅನ್ಯಾಯಕ್ಕೆ ತಳ್ಳಕೂಡದು. ಪ್ರೀತಿಯೂ ದಾರಿ ತಪ್ಪಿಸಬಹುದು, ದ್ವೇಷವೂ ದಾರಿ ತಪ್ಪಿಸಬಹುದು. ಜಾತಿಗೆ ಹಾಕುವ ಮತ ಮೊದಲನೆಯದು, ಇನ್ನೊಬ್ಬರನ್ನು ಸೋಲಿಸಿ ತುಳಿಯಲೆಂದೇ ಹಾಕುವ ಮತ ಎರಡನೆಯದು.

ಮಂಡ್ಯದಲ್ಲಿ ಈ ಎರಡನೆಯದನ್ನು ಬೆಳೆಸುವ ಪ್ರಯತ್ನ ಈಚಿನ ವರ್ಷಗಳಲ್ಲಿ ನಡೆದಿದೆ. 2023ರ ಮಾರ್ಚ್ 12ರಂದು ಪ್ರಧಾನಿ ಮೋದಿಯವರು ಹೆದ್ದಾರಿ ಉದ್ಘಾಟಿಸಲು ಬಂದಾಗ ಮಂಡ್ಯದಲ್ಲಿ ಕಟ್ಟಿದ್ದ ಒಂದು ಸ್ವಾಗತ ಕಮಾನಿಗೆ ಉರಿಗೌಡ, ನಂಜೇಗೌಡ ಎಂಬ ಹೆಸರುಗಳನ್ನು ಇಡಲಾಗಿತ್ತು. ಟಿಪ್ಪುವನ್ನು ಕೊಂದವರು ಈ ಇಬ್ಬರು ಒಕ್ಕಲಿಗರು ಎಂಬ ಪ್ರಚಾರ ಆಗ ಜೋರಾಗಿತ್ತು. 1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆಗೆ ನುಗ್ಗಿದ ಬ್ರಿಟಿಷ್ ಸೇನೆಯೊಂದಿಗೆ ಹೋರಾಡುತ್ತಾ ಟಿಪ್ಪು ಸತ್ತದ್ದು ಇತಿಹಾಸ. ಚುನಾವಣೆಗೆ ಎರಡು ತಿಂಗಳಿರುವಾಗ ಆ ಇತಿಹಾಸಕ್ಕೆ ಹೊಸ ಸಾಕ್ಷಿಗಳು ಹುಟ್ಟಿದರು. ಒಬ್ಬ ಸಚಿವರು ಸಿನಿಮಾ ಮಾಡಲೂ ಹೊರಟರು. ಅದನ್ನು ನಿಲ್ಲಿಸಿದ್ದು ಮುಸ್ಲಿಮರಲ್ಲ, ಕಾಂಗ್ರೆಸ್ಸೂ ಅಲ್ಲ. ಆದಿಚುಂಚನಗಿರಿ ಮಠದ ನಿರ್ಮಲಾನಂದನಾಥ ಸ್ವಾಮೀಜಿ ಸಚಿವರನ್ನು ಕರೆಸಿ, ಆಧಾರವಿಲ್ಲದೆ ಗೊಂದಲ ಹುಟ್ಟಿಸಬಾರದು, ದಾಖಲೆಗಳಿದ್ದರೆ ತರಲಿ ಎಂದರು. ಸಿನಿಮಾ ನಿಂತಿತು. ತನ್ನ ಸಮುದಾಯಕ್ಕೆ ಹೆಮ್ಮೆ ತರುತ್ತದೆಂದು ಬೇರೆಯವರು ಆಶೆ ತೋರಿಸಿದ ಕಥೆಯನ್ನು, ಅದು ನಿಜವೆಂದು ಸಿದ್ಧವಾಗಿಲ್ಲ ಎಂಬ ಕಾರಣಕ್ಕೆ ಒಬ್ಬ ಧರ್ಮಗುರು ದೂರವಿಟ್ಟರು. ನಮ್ಮವರ ವಿರುದ್ಧವಾದರೂ ಸತ್ಯವನ್ನೇ ನುಡಿಯಿರಿ ಎಂಬ ಮಾತಿಗೆ ಮಂಡ್ಯದ ನೆಲದಲ್ಲೇ ಸಿಕ್ಕಿದ ಉದಾಹರಣೆ ಇದು. 2024ರ ನವೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಇನ್ನೊಬ್ಬ ಸ್ವಾಮೀಜಿ ಮುಸ್ಲಿಮರಿಗೆ ಮತದಾನದ ಹಕ್ಕೇ ಇರಬಾರದೆಂದರು, ಬಳಿಕ ವಿಷಾದ ವ್ಯಕ್ತಪಡಿಸಿದರು. ಎರಡನ್ನೂ ನೆನಪಿಡುವುದು ನ್ಯಾಯ. ಎರಡನೆಯದನ್ನು ಮಾತ್ರ ನೆನಪಿಟ್ಟರೆ ನಾವೂ ಸುಳ್ಳು ಸಾಕ್ಷಿಗಳೇ.

ಇದೇ ತಕ್ಕಡಿಯಲ್ಲಿ ನಮ್ಮನ್ನೂ ತೂಗಿಕೊಳ್ಳಬೇಕು. 2025ರ ಸೆಪ್ಟೆಂಬರ್‌ನಲ್ಲಿ ಮದ್ದೂರು ಪಟ್ಟಣದ ರಾಮ್ ರಹೀಮ್ ನಗರದಲ್ಲಿ ಗಣೇಶ ಮೆರವಣಿಗೆಯ ಮೇಲೆ ಕಲ್ಲು ಬಿತ್ತು. ನಿಷೇಧಾಜ್ಞೆ, ಬಂಧನ, ಬಂದ್ ಎಲ್ಲ ಆಯಿತು. ಯಾರು ಅಪರಾಧಿಗಳೆಂದು ನ್ಯಾಯಾಲಯ ಹೇಳಬೇಕು. ಆದರೆ ಕಲ್ಲೆಸೆಯುವುದು ತಪ್ಪು ಎಂದು ಹೇಳಲು ನ್ಯಾಯಾಲಯದ ತೀರ್ಪಿಗೆ ಕಾಯಬೇಕಿಲ್ಲ. ಎಸೆದವನ ಹೆಸರು ನಮ್ಮದಾಗಿದ್ದರೂ ಅದು ತಪ್ಪು. "ಅವರು ಹಾಗೆ ಮಾಡಿದರು, ಅದಕ್ಕೆ ಇವರು ಹೀಗೆ ಮಾಡಿದರು" ಎಂಬ ಮಾತು ಮಸೀದಿಯ ಮೆಟ್ಟಿಲ ಮೇಲೆ ಹಿತವಾಗಿ ಕೇಳಬಹುದು, ಅಲ್ಲಾಹನ ಮುಂದೆ ನಿಲ್ಲುವುದಿಲ್ಲ. ತಮ್ಮವರ ತಪ್ಪಿಗೆ ಸಾಕ್ಷಿಯಾಗಲು ಹೆದರುವ ಸಮುದಾಯಕ್ಕೆ ಬೇರೆಯವರಿಂದ ನ್ಯಾಯ ಕೇಳುವ ದನಿ ಕುಗ್ಗುತ್ತದೆ.

ಕಡಿಮೆ ಕೆಡುಕಿನ ಲೆಕ್ಕ

ಇಲ್ಲಿ ಒಂದು ಆಕ್ಷೇಪ ಬರುತ್ತದೆ. ಮದ್ದೂರಿನಂಥ ಕ್ಷೇತ್ರದಲ್ಲಿ ಮುಸ್ಲಿಮರ ಸಂಖ್ಯೆ ಚಿಕ್ಕದು. ಮುಖ್ಯ ಪಕ್ಷಗಳ ಅಭ್ಯರ್ಥಿಗಳು ಸಾಮಾನ್ಯವಾಗಿ ಒಂದೇ ಪ್ರಬಲ ಸಮುದಾಯದವರು. ಅಲ್ಲಿಯ ಮುಸ್ಲಿಮನ ಮುಂದೆ "ಯಾರು ಉತ್ತಮ" ಎಂಬ ಪ್ರಶ್ನೆಯೇ ಇರುವುದಿಲ್ಲ; "ಯಾರು ಬಂದರೆ ನಾನು ನೆಮ್ಮದಿಯಾಗಿ ಅಂಗಡಿ ತೆರೆಯಬಹುದು" ಎಂಬುದಷ್ಟೇ ಇರುತ್ತದೆ. ಮನಸ್ಸಿನಲ್ಲಿ ಮೆಚ್ಚದವನಿಗೆ, ಇನ್ನೊಬ್ಬನನ್ನು ತಡೆಯಲೆಂದು ಮತ ಹಾಕಿದರೆ ಅದು ಸುಳ್ಳು ಸಾಕ್ಷ್ಯವಾಗುವುದಿಲ್ಲವೇ? ಸುಳ್ಳು ಸಾಕ್ಷ್ಯ ಸಣ್ಣ ಪಾಪವಲ್ಲ. ಮಹಾಪಾಪಗಳನ್ನು ಎಣಿಸುತ್ತಾ ಒರಗಿ ಕುಳಿತಿದ್ದ ಪ್ರವಾದಿ(ಸ) ಸುಳ್ಳು ಸಾಕ್ಷ್ಯದ ಮಾತು ಬಂದಾಗ ನೆಟ್ಟಗೆ ಕುಳಿತು, ಅದನ್ನೇ ಮತ್ತೆ ಮತ್ತೆ ಹೇಳಿದರೆಂದು ಹದೀಸಿನಲ್ಲಿದೆ.

ನನಗೆ ತೋರುವ ಉತ್ತರ ಹೀಗಿದೆ. ಮತಯಂತ್ರ ನಮ್ಮನ್ನು "ಇವನು ಸಜ್ಜನನೇ?" ಎಂದು ಕೇಳುವುದಿಲ್ಲ. "ಈ ಕೆಲವರಲ್ಲಿ ಅಧಿಕಾರ ಯಾರ ಕೈಯಲ್ಲಿದ್ದರೆ ಕಡಿಮೆ ಹಾನಿ?" ಎಂದು ಕೇಳುತ್ತದೆ. ಆ ಪ್ರಶ್ನೆಗೆ ಪ್ರಾಮಾಣಿಕ ಉತ್ತರ ಕೊಟ್ಟರೆ ಸಾಕ್ಷ್ಯ ಸುಳ್ಳಾಗುವುದಿಲ್ಲ. ಎರಡು ಕೆಡುಕುಗಳಲ್ಲಿ ಒಂದು ಅನಿವಾರ್ಯವಾದಾಗ ಹಗುರವಾದದ್ದನ್ನು ಆರಿಸಬೇಕೆಂಬ ನಿಯಮ ನಮ್ಮ ಧರ್ಮಶಾಸ್ತ್ರದಲ್ಲಿ ಹಳೆಯದು. ಯಾರೂ ಬೇಡವೆಂದು ಹೇಳಲು 2013ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ 'ನೋಟಾ' ಗುಂಡಿಯೂ ಇದೆ.

ಆದರೆ ಎರಡು ಎಚ್ಚರಿಕೆ ಬೇಕು. ಮೊದಲನೆಯದು, ಕೆಡುಕಿನ ಲೆಕ್ಕ ಹಾಕುವಾಗ ನನ್ನ ಮನೆಯ ಕೆಡುಕನ್ನು ಮಾತ್ರ ಎಣಿಸಬಾರದು. ವಿಶ್ವೇಶ್ವರಯ್ಯ ನಾಲೆಯ ಕೊನೆಯ ಭಾಗದಲ್ಲಿರುವ ಮದ್ದೂರು, ಮಳವಳ್ಳಿಯ ರೈತನಿಗೆ ನೀರು ಬಂತೇ? ಮೀಸಲು ಕ್ಷೇತ್ರವಾದ ಮಳವಳ್ಳಿಯ ದಲಿತ ಕೇರಿಯಲ್ಲಿ ಗೌರವ ಉಳಿಯಿತೇ? 2023ರ ಆಗಸ್ಟ್‌ನಿಂದ ಬೈಕು, ಆಟೋ, ಟ್ರ್ಯಾಕ್ಟರುಗಳನ್ನು ಹೆದ್ದಾರಿಯ ಮುಖ್ಯ ರಸ್ತೆಯಿಂದ ದೂರವಿಟ್ಟಾಗ, ಅದರ ಪಕ್ಕದ ಹಳ್ಳಿಯವನು ಕಬ್ಬು ಸಾಗಿಸಲು ಸರಿಯಾದ ಸರ್ವಿಸ್ ರಸ್ತೆ ಕೇಳಿದರೆ ಯಾರು ಮಾತಾಡಿದರು? ಈ ಪ್ರಶ್ನೆಗಳನ್ನು ಕೇಳದೆ "ನಮಗೇನು ಮಾಡಿದ" ಎಂದಷ್ಟೇ ಕೇಳುವ ಮುಸ್ಲಿಮ ಮತದಾರ, ತಾನು ಯಾರನ್ನು ದೂರುತ್ತಾನೋ ಅವರಂತೆಯೇ ಮತ ಹಾಕುತ್ತಾನೆ.

ಎರಡನೆಯದು, ಹೆದರಿ ಹಾಕಿದ ಮತ ಮತಗಟ್ಟೆಯಲ್ಲೇ ಮುಗಿದುಹೋಗಬಾರದು. ಕಬ್ಬಿನ ಗಾಡಿ ತೂಕದ ಮನೆಗೆ ಹೋದಾಗ ರೈತ ಮುಳ್ಳಿನ ಮೇಲೆ ಕಣ್ಣಿಟ್ಟಿರುತ್ತಾನೆ. ಅಳತೆ ತೂಕದಲ್ಲಿ ಮೋಸ ಮಾಡುವವರಿಗೆ ವಿನಾಶ ಕಾದಿದೆಯೆಂದು ಕುರ್‌ಆನಿನ ಒಂದು ಅಧ್ಯಾಯವೇ ಆರಂಭವಾಗುತ್ತದೆ. ಅಧಿಕಾರ ಕೇಳಿದ ಅಬೂದರ್(ರ) ಅವರಿಗೆ ಪ್ರವಾದಿ(ಸ) ಅದು ಅಮಾನತ್, ಅದರ ಹಕ್ಕು ತೀರಿಸದವನಿಗೆ ಪರಲೋಕದಲ್ಲಿ ಅವಮಾನ ಎಂದು ಎಚ್ಚರಿಸಿದ್ದರು. ಅಮಾನತ್ ವಹಿಸಿಕೊಟ್ಟ ನಾವು ಅದರ ಲೆಕ್ಕ ಕೇಳದಿದ್ದರೆ, ಹೊರಿಸಿದ ತಪ್ಪಿನಲ್ಲಿ ನಮ್ಮದೂ ಪಾಲಿದೆ.

ಮುದುಕಿಯ ಪ್ರಶ್ನೆಗೆ

ಈಗ ಆ ಮುದುಕಿಯ ಬಳಿ ಮರಳೋಣ. ಫತ್ವಾ ಕೊಡುವ ಅರ್ಹತೆ ನನಗಿಲ್ಲ. ಆದರೆ ಗ್ರಂಥಗಳು ಹೇಳುವುದು ಸ್ಪಷ್ಟವಾಗಿದೆ. ಒಂದು ವಿಷಯಕ್ಕೆ ಆಣೆ ಮಾಡಿದ ಮೇಲೆ ಅದಕ್ಕಿಂತ ಒಳ್ಳೆಯದು ಕಂಡರೆ ಒಳ್ಳೆಯದನ್ನೇ ಮಾಡಿ, ಆಣೆಗೆ ಪ್ರಾಯಶ್ಚಿತ್ತ ಕೊಡಬೇಕೆಂದು ಪ್ರವಾದಿ(ಸ) ಕಲಿಸಿದ್ದಾರೆ. ಪ್ರಾಯಶ್ಚಿತ್ತ ಏನೆಂದು ಅಲ್‌ಮಾಇದಾ ಅಧ್ಯಾಯದ 89ನೇ ಸೂಕ್ತ ಹೇಳುತ್ತದೆ: ಹತ್ತು ಮಂದಿ ಬಡವರಿಗೆ ಊಟ ಅಥವಾ ಬಟ್ಟೆ, ಇಲ್ಲವೇ ಒಬ್ಬ ಗುಲಾಮನ ಬಿಡುಗಡೆ, ಏನೂ ಸಾಧ್ಯವಾಗದಿದ್ದರೆ ಮೂರು ದಿನ ಉಪವಾಸ. ಲಂಚ ಕೊಡುವವನನ್ನೂ ಪಡೆಯುವವನನ್ನೂ ಪ್ರವಾದಿ(ಸ) ಶಪಿಸಿದ್ದಾರೆ. ಈ ನೆಲದ ಕಾನೂನಿನಲ್ಲೂ ಇಬ್ಬರೂ ಅಪರಾಧಿಗಳು. ಹಾಗಿರುವಾಗ ಆ ದುಡ್ಡನ್ನು ಹಿಂದಿರುಗಿಸುವುದು ಒಳ್ಳೆಯದು, ಮೊದಲೇ ಮುಟ್ಟದಿರುವುದು ಇನ್ನೂ ಒಳ್ಳೆಯದು.

ಆದ್ದರಿಂದ "ದುಡ್ಡು ತಗೋ, ಓಟು ಬೇರೆಯವರಿಗೆ ಹಾಕು" ಎಂಬ ಜಾಣರ ಸಲಹೆಗೂ ಇದಕ್ಕೂ ವ್ಯತ್ಯಾಸವಿದೆ. ಜಾಣರ ಸಲಹೆಯಲ್ಲಿ ಆಣೆಗೆ ಬೆಲೆಯಿಲ್ಲ. ಧರ್ಮದ ಉತ್ತರದಲ್ಲಿ ಆಣೆಗೆ ಬೆಲೆಯಿದೆ, ಅದನ್ನು ಮುರಿದದ್ದಕ್ಕೆ ಹಸಿವಿನಿಂದಲೋ ಅನ್ನದಿಂದಲೋ ಬೆಲೆ ತೆರಬೇಕು. ಆದರೆ ನ್ಯಾಯದ ಬೆಲೆ ಅದಕ್ಕಿಂತ ದೊಡ್ಡದು. ದೇವರ ಹೆಸರನ್ನು ದೇವರು ಮೆಚ್ಚದ ಕೆಲಸಕ್ಕೆ ಬೇಲಿಯಾಗಿ ಬಳಸುವಂತಿಲ್ಲ. ಹಾಗೆ ಬಳಸಿದವನ ಪಾಪ ಮುದುಕಿಯ ಪಾಪಕ್ಕಿಂತ ಹೆಚ್ಚು ಭಾರ.

1962ರ ಮಹಾಚುನಾವಣೆಯಲ್ಲೇ ಮತದಾರರ ಬೆರಳಿಗೆ ಅಳಿಸಲಾಗದ ಶಾಯಿ ಹಚ್ಚುವ ಪದ್ಧತಿ ಬಂತು. ಆ ಶಾಯಿ ತಯಾರಾಗುವುದು ನಿಡಘಟ್ಟದ ರಸ್ತೆಯ ಇನ್ನೊಂದು ತುದಿಯಾದ ಮೈಸೂರಿನಲ್ಲಿ. ಎಡಗೈಯ ತೋರುಬೆರಳಿಗೆ ಅದು ಹತ್ತಿದ ಮೇಲೆ ಮುದುಕಿ ಯಂತ್ರದ ಮುಂದೆ ಹೋಗುತ್ತಾಳೆ. ಗುಂಡಿ ಒತ್ತಿದರೆ ಪಕ್ಕದ ಪೆಟ್ಟಿಗೆಯ ಗಾಜಿನ ಹಿಂದೆ ಒಂದು ಚೀಟಿ ಏಳು ಸೆಕೆಂಡು ಕಾಣಿಸಿ ಒಳಗೆ ಬೀಳುತ್ತದೆ. ದುಡ್ಡು ಕೊಟ್ಟವನು ಅದನ್ನು ನೋಡಲಾರ. ಗಂಡ, ಮಗ, ಗೌಡ, ಹಜರತ್ ಯಾರೂ ನೋಡಲಾರರು. ಆ ಏಳು ಸೆಕೆಂಡು ಚೀಟಿಯನ್ನು ನೋಡುವವರು ಇಬ್ಬರೇ: ಅವಳು, ಮತ್ತು ಅವಳು ಯಾರ ಹೆಸರಿನಲ್ಲಿ ಆಣೆ ಮಾಡಿದ್ದಳೋ ಅವನು.